ಐವತ್ತೆಂಟು ವರ್ಷ ಊರಿಗೆ ಬರೆದ ಕಾಗದ

1946ರ ಮಾರ್ಚ್ 24ರಂದು ಬಿಬಿಸಿ ರೇಡಿಯೋದಲ್ಲಿ ಒಂದು ಹೊಸ ಭಾಷಣಮಾಲೆ ಶುರುವಾಯಿತು. ವಾರಕ್ಕೊಂದು ಮಾತು, ಸುಮಾರು ಕಾಲು ಗಂಟೆ. ಒಪ್ಪಂದ ಇದ್ದದ್ದು ಹದಿಮೂರು ವಾರಕ್ಕೆ. ಮಾತಾಡುವವರ ವಯಸ್ಸು ಮೂವತ್ತೇಳು. ಆ ಕಾರ್ಯಕ್ರಮ ನಿಂತದ್ದು 2004ರ ಫೆಬ್ರವರಿಯಲ್ಲಿ. ಆಗಲೂ ಅದೇ ವ್ಯಕ್ತಿ, ಅದೇ ದನಿ. ವಯಸ್ಸು ಮಾತ್ರ ತೊಂಬತ್ತೈದು. ನಡುವೆ 2,869 ಕಂತುಗಳು ಪ್ರಸಾರವಾಗಿದ್ದವು.

ಅವರ ಹೆಸರು ಅಲಿಸ್ಟೇರ್ ಕುಕ್. ಕಾರ್ಯಕ್ರಮದ ಹೆಸರು 'ಲೆಟರ್ ಫ್ರಮ್ ಅಮೆರಿಕ'. ಕಾಲದ ಲೆಕ್ಕವನ್ನು ನಮ್ಮ ಕಡೆಯಿಂದ ಹಾಕಿದರೆ ಇನ್ನೂ ಬೆರಗಾಗುತ್ತದೆ. ಅವರು ಮೊದಲ ಕಂತು ಓದಿದಾಗ ಭಾರತಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಹದಿನೇಳು ತಿಂಗಳು ಬಾಕಿ ಇತ್ತು. ಕರ್ನಾಟಕದ ಏಕೀಕರಣವಾಗುವ ಹೊತ್ತಿಗೆ ಅವರ ಪತ್ರಕ್ಕೆ ಹತ್ತು ವರ್ಷ ತುಂಬಿತ್ತು. ಅಮೆರಿಕದಲ್ಲಿ ಟ್ರೂಮನ್‌ರಿಂದ ಹಿಡಿದು ಎರಡನೆಯ ಬುಷ್‌ವರೆಗೆ ಹನ್ನೊಂದು ಅಧ್ಯಕ್ಷರು ಬಂದರು. ಕುಕ್ ಮಾತ್ರ ವಾರ ವಾರ ಕಾಗದ ಬರೆಯುತ್ತಲೇ ಇದ್ದರು.

'ಕಾಗದ' ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮನುಷ್ಯನ ಕತೆಯಲ್ಲಿ ರುಚಿ ಇರುವುದೇ ಅಲ್ಲಿ. ಕುಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ನೆಲೆಸಿದ್ದು ನ್ಯೂಯಾರ್ಕಿನಲ್ಲಿ. ಬದುಕಿನುದ್ದಕ್ಕೂ ಅವರು ಮಾಡಿದ ಕೆಲಸ ಒಂದೇ: ತಾನು ಸೇರಿದ ಊರು ಹೇಗಿದೆ ಎಂದು ಬಿಟ್ಟುಬಂದ ಊರಿಗೆ ಹೇಳುವುದು.

ಸಾಲ್ಫರ್ಡ್‌ನ ಹುಡುಗ

ಕುಕ್ ಹುಟ್ಟಿದ್ದು 1908ರ ನವೆಂಬರ್ 20ರಂದು, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಮನೆಯಲ್ಲಿ ಇಟ್ಟ ಹೆಸರು ಆಲ್ಫ್ರೆಡ್. ಅಲಿಸ್ಟೇರ್ ಎಂಬುದು ಇಪ್ಪತ್ತೆರಡನೆಯ ವಯಸ್ಸಿಗೆ ತಾನೇ ಸೇರಿಸಿಕೊಂಡದ್ದು. ತಂದೆ ಕಬ್ಬಿಣದ ಕೆಲಸದವರು, ಜೊತೆಗೆ ಮೆಥಾಡಿಸ್ಟ್ ಪಂಥದಲ್ಲಿ ಉಪದೇಶ ಮಾಡುತ್ತಿದ್ದವರು. ಆಮೇಲೆ ಸಂಸಾರ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿಗೆ ಹೋಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಅವರ ಮನೆಯಲ್ಲಿ ಅಮೆರಿಕದ ಸೈನಿಕರನ್ನು ಇಳಿಸಿದ್ದರು. ಹುಡುಗ ಅಮೆರಿಕನ್ನರನ್ನು ಹತ್ತಿರದಿಂದ ಕಂಡದ್ದು ಹಾಗೆ.

ವಿದ್ಯಾರ್ಥಿವೇತನ ಸಿಕ್ಕಿ ಕೇಂಬ್ರಿಡ್ಜ್‌ನ ಜೀಸಸ್ ಕಾಲೇಜು ಸೇರಿದರು. ಅಲ್ಲಿ 'ಮಮ್ಮರ್ಸ್' ಎಂಬ ನಾಟಕ ತಂಡ ಕಟ್ಟಿ, ಹುಡುಗಿಯರಿಗೂ ಅದರಲ್ಲಿ ಜಾಗ ಕೊಟ್ಟರು. 1932ರಲ್ಲಿ ಕಾಮನ್‌ವೆಲ್ತ್ ಫಂಡ್ ಫೆಲೋಶಿಪ್ ಪಡೆದು ಅಮೆರಿಕಕ್ಕೆ ಹೋದರು. ಮೊದಲು ಯೇಲ್, ಆಮೇಲೆ ಹಾರ್ವರ್ಡ್. ಫೆಲೋಶಿಪ್ ಪಡೆದವರು ರಜೆಯಲ್ಲಿ ದೇಶ ಸುತ್ತಬೇಕೆಂಬ ನಿಯಮವಿತ್ತು. ರಂಗಭೂಮಿ ಕಲಿಯಲು ಬಂದ ಹುಡುಗನಿಗೆ ಆ ಸುತ್ತಾಟದಲ್ಲಿ ನಾಟಕಕ್ಕಿಂತ ದೇಶವೇ ಹೆಚ್ಚು ಹಿಡಿಸಿತು. 1933ರಲ್ಲಿ ಹಾಲಿವುಡ್‌ನಲ್ಲಿ ಚಾರ್ಲಿ ಚಾಪ್ಲಿನ್ ಅವರ ಸಂದರ್ಶನಕ್ಕೆ ಹೋದರು. ಚಾಪ್ಲಿನ್‌ಗೆ ಹುಡುಗ ಇಷ್ಟವಾದ. ಮುಂದಿನ ವರ್ಷ ನೆಪೋಲಿಯನ್ ಕುರಿತ ಚಿತ್ರಕಥೆಗೆ ನೆರವಾಗಲು ಕರೆಸಿಕೊಂಡರು. ಆ ಚಿತ್ರ ಕೊನೆಗೂ ಆಗಲಿಲ್ಲ.

ರೇಡಿಯೋಗೆ ಬಂದದ್ದು ಇನ್ನೊಂದು ಆಕಸ್ಮಿಕ. 1934ರಲ್ಲಿ ಬಾಸ್ಟನ್‌ನಲ್ಲಿದ್ದಾಗ ಒಂದು ತಲೆಬರಹ ಅವರ ಕಣ್ಣಿಗೆ ಬಿತ್ತು. ಪ್ರಧಾನಿಯಾಗಿದ್ದ ಸ್ಟ್ಯಾನ್ಲಿ ಬಾಲ್ಡ್‌ವಿನ್ ಅವರ ಮಗ ಆಲಿವರ್‌ನನ್ನು ಬಿಬಿಸಿ ಚಲನಚಿತ್ರ ವಿಮರ್ಶಕನ ಕೆಲಸದಿಂದ ತೆಗೆದಿದೆ ಎಂಬ ಸುದ್ದಿ ಅದು. ಬೇರೆಯವರಾಗಿದ್ದರೆ ಓದಿ ಮಡಚಿಡುತ್ತಿದ್ದರೇನೋ. ಕುಕ್ ನೇರವಾಗಿ ಬಿಬಿಸಿಗೆ ತಂತಿ ಕಳಿಸಿದರು, ಆ ಕೆಲಸಕ್ಕೆ ತನ್ನನ್ನು ನೋಡಿ ಎಂದು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಒಂದು ಊರಿನಲ್ಲಿ ಕೂತು ಇನ್ನೊಂದು ಊರಿನ ಕೆಲಸಕ್ಕೆ ಅರ್ಜಿ ಗುಜರಾಯಿಸುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಹೊಸದಲ್ಲ.

ಮೊದಲು ಆ ಕಡೆ, ಆಮೇಲೆ ಈ ಕಡೆ

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 'ಅಮೆರಿಕದ ಪತ್ರ'ಕ್ಕಿಂತ ಮೊದಲು ಕುಕ್ 'ಲಂಡನ್ ಪತ್ರ' ಬರೆಯುತ್ತಿದ್ದರು. ಲಂಡನ್‌ನಲ್ಲಿದ್ದಾಗಲೇ ಅಮೆರಿಕದ ಎನ್‌ಬಿಸಿ ರೇಡಿಯೋಗೆ ವಾರಕ್ಕೊಮ್ಮೆ ಹದಿನೈದು ನಿಮಿಷ ಬ್ರಿಟನ್ನಿನ ಸಂಗತಿ ಹೇಳುವ ಕೆಲಸ ಅವರದಾಗಿತ್ತು. 1936ರ ಡಿಸೆಂಬರ್‌ನಲ್ಲಿ ಎಂಟನೆಯ ಎಡ್ವರ್ಡ್ ಮದುವೆಗಾಗಿ ಸಿಂಹಾಸನ ಬಿಟ್ಟಾಗ ಇಡೀ ಅಮೆರಿಕ ಕಿವಿಗೊಟ್ಟು ಕೂತಿತ್ತು. ಆ ದಿನಗಳಲ್ಲಿ ಕುಕ್ ದಿನಕ್ಕೆ ಹಲವು ಸಲ ಮೈಕಿನ ಮುಂದೆ ಕೂತು ಮಾತಾಡಿದರು. ಒಂದು ದೇಶದ ವಿಷಯವನ್ನು ಇನ್ನೊಂದು ದೇಶಕ್ಕೆ ಅರ್ಥವಾಗುವಂತೆ ಹೇಳುವ ಪಾಠ ಅವರಿಗಾದದ್ದು ಅಲ್ಲಿ. 1937ರಲ್ಲಿ ಗಂಟುಮೂಟೆ ಕಟ್ಟಿ ನ್ಯೂಯಾರ್ಕಿಗೆ ಹೊರಟರು. ಅಲ್ಲಿಂದ ಮುಂದೆ ಅದೇ ಕೆಲಸ ದಿಕ್ಕು ಬದಲಾಯಿಸಿತು.

1941ರ ಡಿಸೆಂಬರ್ 1ರಂದು ಅವರು ಅಮೆರಿಕದ ಪೌರತ್ವ ಪಡೆದರು. ಆರು ದಿನ ಕಳೆಯುವಷ್ಟರಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು, ಅಮೆರಿಕವೂ ಯುದ್ಧಕ್ಕಿಳಿಯಿತು. ಆದರೆ ಬ್ರಿಟನ್ ಅದಕ್ಕೆ ಎರಡು ವರ್ಷ ಮೊದಲಿನಿಂದಲೇ ಯುದ್ಧದಲ್ಲಿತ್ತು. ಲಂಡನ್ ಮೇಲೆ ಬಾಂಬು ಬೀಳುವಾಗ ನಮ್ಮ ಹುಡುಗ ಅಲ್ಲಿ ಕೂತು ಆ ದೇಶದವನಾಗಿಬಿಟ್ಟ ಎಂಬ ಅಸಮಾಧಾನ ಬ್ರಿಟನ್ನಿನಲ್ಲಿ ಹಲವರಿಗೆ ಇತ್ತು. ಅದಕ್ಕೆ ಕುಕ್ ಬಾಯಲ್ಲಿ ಉತ್ತರ ಕೊಡುವುದಕ್ಕಿಂತ ಕೆಲಸದಲ್ಲಿ ಕೊಟ್ಟರು ಎನ್ನಬೇಕು. ಯುದ್ಧಕಾಲದಲ್ಲಿ ಬಿಬಿಸಿಗಾಗಿ ಅಮೆರಿಕದ ವಿದ್ಯಮಾನಗಳ ಬಗ್ಗೆ ಮಾತಾಡಿದರು. 1942ರಲ್ಲಿ ಕಾರು ಹತ್ತಿ, ಟೈರು ಪೆಟ್ರೋಲು ಸಿಗದ ಆ ದಿನಗಳಲ್ಲಿ ದೇಶದ ಉದ್ದಗಲ ಸುತ್ತಿ, ಯುದ್ಧ ಸಾಮಾನ್ಯ ಜನರ ಬದುಕನ್ನು ಹೇಗೆ ಬದಲಿಸಿದೆ ಎಂದು ಬರೆದಿಟ್ಟರು. ಆ ಹಸ್ತಪ್ರತಿ ದಶಕಗಟ್ಟಲೆ ಕಪಾಟಿನಲ್ಲೇ ಉಳಿದು, ಅವರು ತೀರಿಹೋದ ಮೇಲೆ 2006ರಲ್ಲಿ ಪುಸ್ತಕವಾಯಿತು.

ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಸ್ಥಿತಿ ನೆನಪಿಸಿಕೊಳ್ಳಿ. ಗೆದ್ದ ದೇಶವೇನೋ ಹೌದು, ಆದರೆ ತಿನ್ನುವುದಕ್ಕೆ ರೇಷನ್. ಯುದ್ಧದ ಕಾಲದಲ್ಲೂ ರೇಷನ್ ಇಲ್ಲದಿದ್ದ ಬ್ರೆಡ್ಡಿಗೆ 1946ರಲ್ಲಿ ರೇಷನ್ ಬಂತು. ಪಡಿತರ ಪೂರ್ತಿ ಮುಗಿದದ್ದು 1954ರಲ್ಲಿ. ಅಂಥ ಜನಕ್ಕೆ ಅಮೆರಿಕವೆಂದರೆ ಸಿನೆಮಾದಲ್ಲಿ ಕಾಣುವ ಸಿರಿವಂತ ಲೋಕ. ಸಾಲ ಕೊಟ್ಟು ಜಂಬ ಕೊಚ್ಚುವ ನೆಂಟ. ರಾಜಕೀಯದ ದೊಡ್ಡ ಮಾತು ಬೇಡ, ಅಲ್ಲಿಯ ಜನ ದಿನನಿತ್ಯ ಹೇಗೆ ಬದುಕುತ್ತಾರೆ ಹೇಳಿ ಎಂಬುದು ಬಿಬಿಸಿಯ ಅಪೇಕ್ಷೆಯಾಗಿತ್ತು. ಮೊದಲ ಕಂತಿನಲ್ಲಿ ಕುಕ್ ಹೇಳಿದ್ದು 'ಕ್ವೀನ್ ಮೇರಿ' ಹಡಗಿನ ಪ್ರಯಾಣದ ಕತೆ. ಆ ಹಡಗಿನ ತುಂಬ ಅಮೆರಿಕದ ಸೈನಿಕರನ್ನು ಮದುವೆಯಾಗಿ, ಕಾಣದ ದೇಶಕ್ಕೆ ಸಂಸಾರ ಹೂಡಲು ಹೊರಟ ಬ್ರಿಟಿಷ್ ಹೆಣ್ಣುಮಕ್ಕಳು. ವಲಸೆ ಬಂದವನ ಮೊದಲ ಕಾಗದವೇ ವಲಸೆ ಹೊರಟವರ ಬಗ್ಗೆ.

ಮಳೆಯಿಂದ ಶುರುವಾಗಿ ವಾಷಿಂಗ್ಟನ್‌ವರೆಗೆ

ನಾನು ಇವರ ದನಿ ಮೊದಲು ಕೇಳಿದ್ದು ಎಂಬತ್ತರ ದಶಕದಲ್ಲಿ, ಡೊಂಬಿವಲಿಯ ಒಂದು ಚಾಳಿನಲ್ಲಿ. ನಾವು ನಾಲ್ವರು ಬ್ರಹ್ಮಚಾರಿಗಳು ಒಂದೇ ಕೋಣೆಯಲ್ಲಿದ್ದೆವು. ಜೊತೆಗಿದ್ದ ಕುಂದಾಪುರ ಕಡೆಯ ಹಿರಿಯರೊಬ್ಬರ ಬಳಿ ಶಾರ್ಟ್‌ವೇವ್ ಹಿಡಿಯುವ ಟ್ರಾನ್ಸಿಸ್ಟರ್ ಇತ್ತು. ಇಂಗ್ಲಿಷ್ ಸುಧಾರಿಸಿಕೊಳ್ಳಲೆಂದು ಬಿಬಿಸಿ ಹಾಕುತ್ತಿದ್ದರು. ಕೊರ್ರೆನ್ನುವ ಸದ್ದಿನ ನಡುವೆ ಅಲೆ ಅಲೆಯಾಗಿ ಬರುತ್ತಿದ್ದ ಆ ದನಿಯಲ್ಲಿ ಅವಸರವೇ ಇರುತ್ತಿರಲಿಲ್ಲ.

"ಇವರು ಸುದ್ದಿ ಓದುವುದಾ, ಕತೆ ಹೇಳುವುದಾ?" ಎಂದು ಕೇಳಿದೆ.

"ಎರಡೂ ಅಲ್ಲ ಮಾರಾಯ. ಊರಿಗೆ ಕಾಗದ ಬರೆಯುದು. ನೀನು ಅಮ್ಮನಿಗೆ ಬರೆಯುದಿಲ್ವಾ? ಹಾಗೆಯೇ" ಎಂದರು.

ನಾನು ಆಗ ತಿಂಗಳಿಗೆರಡು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದೆ. 'ಉಭಯ ಕುಶಲೋಪರಿ' ಎಂದು ಶುರು ಮಾಡಿ, ಇಲ್ಲಿ ಮಳೆ ಜೋರು, ಲೋಕಲ್ ರೈಲು ಎರಡು ದಿನ ನಿಂತಿತ್ತು, ಈರುಳ್ಳಿ ಇಷ್ಟಾಗಿದೆ ಎಂದು ಬರೆದು, ಕೊನೆಯಲ್ಲಿ ಮಡಚುವ ಅಂಚಿನಲ್ಲಿ ನಿಜವಾಗಿ ಹೇಳಬೇಕಾದದ್ದನ್ನು ತುರುಕುತ್ತಿದ್ದೆ. ಕುಕ್ ಕೂಡ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಅದನ್ನೇ. ಎಲೆ ಉದುರುವ ಕಾಲದ ಬಣ್ಣ, ವರ್ಮಾಂಟ್‌ನಲ್ಲಿ ಕ್ರಿಸ್‌ಮಸ್ ಹಬ್ಬ, ಗಾಲ್ಫ್ ಆಟ, ಯಾರೋ ಹಳೆಯ ಜಾಝ್ ವಾದಕ ತೀರಿಕೊಂಡದ್ದು, ಹೀಗೆ ಎಲ್ಲಿಂದಲೋ ಎತ್ತಿಕೊಳ್ಳುವರು. ಇವರು ಎಲ್ಲಿಗೆ ಹೋಗುತ್ತಿದ್ದಾರೆ ಎಂದು ನಾವು ತಲೆ ಕೆರೆದುಕೊಳ್ಳುವಷ್ಟರಲ್ಲಿ ಮಾತು ಸುಪ್ರೀಂ ಕೋರ್ಟಿನ ತೀರ್ಪಿಗೋ ಚುನಾವಣೆಗೋ ಬಂದು ನಿಂತಿರುತ್ತಿತ್ತು. ಕೊನೆಯ ವಾಕ್ಯಕ್ಕೆ ಸರಿಯಾಗಿ ಮೊದಲಿನ ಎಲೆಗಳ ಅರ್ಥ ಗೊತ್ತಾಗುತ್ತಿತ್ತು.

ಅದು ಆಶುಭಾಷಣವಲ್ಲ. ಪ್ರತಿ ಪದವನ್ನೂ ಹಳೆಯ ಟೈಪ್‌ರೈಟರ್‌ನಲ್ಲಿ ಬೆರಳಚ್ಚು ಮಾಡಿಯೇ ಮೈಕಿನ ಮುಂದೆ ಕೂರುತ್ತಿದ್ದರು. ಬರೆಯಲು ಕೂರುವವರೆಗೂ ಈ ವಾರ ಏನು ಹೇಳುವುದೆಂದು ತನಗೇ ಗೊತ್ತಿರುವುದಿಲ್ಲ ಎಂದು ಅವರು ಹಲವು ಸಲ ಹೇಳಿದ್ದಾರೆ. ಕಣ್ಣಿಗಾಗಿ ಬರೆದದ್ದು ಬೇರೆ, ಕಿವಿಗಾಗಿ ಬರೆದದ್ದು ಬೇರೆ ಎಂಬುದನ್ನು ಅವರು ಚೆನ್ನಾಗಿ ತಿಳಿದಿದ್ದರು. ಮಾತಿನಲ್ಲಿ ನಾವು ನಡುವೆ ನಿಲ್ಲುತ್ತೇವೆ, ಹಿಂದಕ್ಕೆ ಹೋಗುತ್ತೇವೆ, ಹೇಳಿದ್ದನ್ನು ತಿದ್ದಿಕೊಳ್ಳುತ್ತೇವೆ. ಅದನ್ನೆಲ್ಲ ಅವರು ಬರೆಹದಲ್ಲೇ ತರುತ್ತಿದ್ದರು. ಕೇಳುವವರಿಗೆ ಮಾತ್ರ ಎದುರಿಗೆ ಕುರ್ಚಿ ಹಾಕಿಕೊಂಡು ಮಾತಾಡಿದ ಹಾಗೆ. ನಮ್ಮ ಸಂಘಗಳ ವೇದಿಕೆಯಲ್ಲಿ ಲೇಖನ ಹಿಡಿದು ತಲೆ ಎತ್ತದೆ ಓದುವ ನಮ್ಮಂಥವರು ಇದನ್ನು ಒಮ್ಮೆ ಕೇಳಬೇಕು.

ಒಂದು ಕೆಟ್ಟ ರಾತ್ರಿ

ಈ ನಿಧಾನದ ಮಾತುಗಾರ ಒಮ್ಮೆ ಚರಿತ್ರೆಯ ಒಳಗೇ ಸಿಕ್ಕಿಹಾಕಿಕೊಂಡರು. 1968ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ರೈಮರಿ ಚುನಾವಣೆ ಗೆದ್ದ ರಾಬರ್ಟ್ ಕೆನಡಿ ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಬೆಂಬಲಿಗರ ಮುಂದೆ ಭಾಷಣ ಮಾಡಿ, ಅಡುಗೆಮನೆಯ ಪಕ್ಕದ ದಾರಿಯಲ್ಲಿ ಹೊರಟಿದ್ದರು. ಅಲ್ಲೇ ಗುಂಡು ಬಿತ್ತು. ಕುಕ್ ಆಗ 'ಗಾರ್ಡಿಯನ್' ಪತ್ರಿಕೆಯ ಅಮೆರಿಕ ವರದಿಗಾರ. ಪಕ್ಕದ ಕೋಣೆಯಲ್ಲೇ ಇದ್ದರು. ಜನರ ನಡುವೆ ನುಗ್ಗಿ ಹೋದವರಿಗೆ ಕಂಡದ್ದು ನೆಲದ ಮೇಲೆ ಬಿದ್ದಿದ್ದ ಕೆನಡಿ.

ಆ ವಾರದ ಕಾಗದದಲ್ಲಿ ಅವರು ಕಂಡದ್ದನ್ನು ಕಂಡಂತೆ ಹೇಳಿದರು. ಅದಕ್ಕಿಂತ ಮುಖ್ಯವಾದದ್ದು ಅವರು ಹೇಳಲು ಒಪ್ಪದೇ ಹೋದ ಮಾತು. ಇಡೀ ಅಮೆರಿಕವೇ ರೋಗಿಷ್ಠ, ಈ ಕೊಲೆಗೆ ನಾವೆಲ್ಲರೂ ಹೊಣೆ ಎಂದು ಆ ದಿನಗಳಲ್ಲಿ ಎಲ್ಲರೂ ಬರೆಯುತ್ತಿದ್ದರು. ಒಬ್ಬನ ಕೈಯ ಅಪರಾಧವನ್ನು ಕೋಟ್ಯಂತರ ಜನರ ತಲೆಗೆ ಕಟ್ಟುವುದಕ್ಕೆ ಕುಕ್ ಸಿದ್ಧರಿರಲಿಲ್ಲ. ಒಂದು ಊರಿನಲ್ಲಿ ಗಲಾಟೆಯಾದರೆ ಆ ಊರಿನವರೆಲ್ಲ ಹಾಗೆಯೇ ಎನ್ನುವ ಮಾತನ್ನು ಪರಭಾಷೆಯ ಊರುಗಳಲ್ಲಿ ಬದುಕುವ ನಾವೂ ಕೇಳಿದ್ದೇವೆ. ಅಂಥ ಹೊತ್ತಿನಲ್ಲಿ ಅಲ್ಲೇ ಇದ್ದು ಬಲ್ಲವರೊಬ್ಬರು ಹಾಗಲ್ಲ ಎನ್ನಬೇಕು. ಕುಕ್ ಆ ಕೆಲಸ ಮಾಡಿದರು.

ಅತ್ತಲೂ ಅಲ್ಲ, ಇತ್ತಲೂ ಅಲ್ಲ

ತಮಾಷೆಯೆಂದರೆ ಬಹುಪಾಲು ಅಮೆರಿಕನ್ನರು ಈ ಕಾರ್ಯಕ್ರಮವನ್ನು ಕೇಳಿರಲೇ ಇಲ್ಲ. ಕಾಗದ ಇದ್ದದ್ದು ಬ್ರಿಟನ್ನಿಗೆ, ವರ್ಲ್ಡ್ ಸರ್ವಿಸ್ ಮೂಲಕ ಉಳಿದ ಜಗತ್ತಿಗೆ. ಅಮೆರಿಕದವರಿಗೆ ಅವರು ಟಿವಿಯ ಮನುಷ್ಯ. 1952ರಿಂದ 'ಆಮ್ನಿಬಸ್' ಕಾರ್ಯಕ್ರಮ, 1971ರಿಂದ 1992ರವರೆಗೆ 'ಮಾಸ್ಟರ್‌ಪೀಸ್ ಥಿಯೇಟರ್'. ಕುರ್ಚಿಯಲ್ಲಿ ಕೂತು ಬ್ರಿಟಿಷ್ ನಾಟಕಗಳನ್ನು ಪರಿಚಯಿಸುವ ಅಪ್ಪಟ ಇಂಗ್ಲಿಷ್ ಸಂಭಾವಿತರೆಂದೇ ಅಲ್ಲಿ ಅವರ ಹೆಸರು. ಮಕ್ಕಳ 'ಸೆಸಮಿ ಸ್ಟ್ರೀಟ್'ನಲ್ಲಿ ಬಿಸ್ಕತ್ತು ತಿನ್ನುವ ನೀಲಿ ಗೊಂಬೆ 'ಅಲಿಸ್ಟೇರ್ ಕುಕಿ' ಎಂದು ಹೆಸರಿಟ್ಟುಕೊಂಡು ಅವರನ್ನು ಅಣಕಿಸುತ್ತಿತ್ತು. ಆದರೆ ಬ್ರಿಟನ್ನಿನವರ ಕಿವಿಗೆ ಅವರ ಉಚ್ಚಾರಣೆ ಅಮೆರಿಕದ್ದು. ಇಲ್ಲಿ ನಾವು 'ಮದ್ರಾಸಿ', ಊರಿಗೆ ಹೋದರೆ 'ಬೊಂಬಾಯಿಯವರು' ಆಗುವುದಿಲ್ಲವೇ, ಹಾಗೆ.

1973ರಲ್ಲಿ ಬ್ರಿಟನ್ ಅವರಿಗೆ ಕೆಬಿಇ ಗೌರವ ಕೊಟ್ಟಿತು. ಅಮೆರಿಕದ ಪ್ರಜೆಯಾದ್ದರಿಂದ ಅದು ಗೌರವ ಪದವಿ ಮಾತ್ರ; ಹೆಸರಿನ ಹಿಂದೆ 'ಸರ್' ಹಾಕಿಕೊಳ್ಳುವಂತಿರಲಿಲ್ಲ. ಹತ್ತಿರಹತ್ತಿರ ಅದೇ ಹೊತ್ತಿಗೆ ಅಮೆರಿಕದ ಚರಿತ್ರೆಯ ಬಗ್ಗೆ ಹದಿಮೂರು ಭಾಗಗಳ ಟಿವಿ ಸರಣಿ ಮಾಡಿದ್ದರು. 1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನಲ್ಲಿ, ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಇನ್ನೂರನೆಯ ವರ್ಷದ ಸಂದರ್ಭದಲ್ಲಿ ಮಾತಾಡಲು ಅವರನ್ನು ಕರೆದರು. ಬ್ರಿಟನ್ನಿನ ವಿರುದ್ಧ ಒಂದಾಗಲು ಸೇರಿದ್ದ ಸಭೆಯ ನೆನಪಿಗೆ ಭಾಷಣಕಾರ ಸಾಲ್ಫರ್ಡ್‌ನಲ್ಲಿ ಹುಟ್ಟಿದವರು!

ಕುಕ್ ಅವರನ್ನು ಬರಿದೇ ಹೊಗಳಿ ಮುಗಿಸುವುದೂ ಸರಿಯಲ್ಲ. ಅವರು ನೆಲೆಸಿದ್ದು ಸೆಂಟ್ರಲ್ ಪಾರ್ಕ್ ಕಾಣುವ ಫಿಫ್ತ್ ಅವೆನ್ಯೂದ ಮನೆಯಲ್ಲಿ. ಅವರ ಅಮೆರಿಕ ಎಷ್ಟೋ ಸಲ ಆ ಕಿಟಕಿಯಿಂದ ಕಂಡ ಅಮೆರಿಕವೇ. ಕಪ್ಪು ಜನಾಂಗದವರ ಹೋರಾಟದ ಬಗ್ಗೆ, ನಗರದ ಬಡವರ ಬಗ್ಗೆ ಅವರು ಮಾತಾಡಿದ್ದಾರೆ; ಆದರೆ ಒಳಗಿನ ಉರಿ ಆ ಮಾತಿನಲ್ಲಿ ಕಡಿಮೆ. ಎರಡು ಕಡೆಯವರಿಗೂ ಬೇಸರವಾಗದಂತೆ ಮಾತಾಡುವುದು ವಲಸಿಗನ ಜಾಣತನ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ನಮ್ಮ ಕಾಗದಗಳನ್ನು ತೆಗೆದು ನೋಡಿದರೆ ಅಲ್ಲಿಯೂ ಹೀಗೇ ಇರುತ್ತದೆ. ಚಾಳಿನ ಸಾಲು ಪಾಯಿಖಾನೆಯ ವಿಷಯವನ್ನು ಯಾರು ಅಮ್ಮನಿಗೆ ಬರೆದಾರು?

ಆದರೂ ಐವತ್ತೆಂಟು ವರ್ಷ ಒಂದು ದೇಶವನ್ನು ಇನ್ನೊಂದಕ್ಕೆ ತಾಳ್ಮೆಯಿಂದ ವಿವರಿಸಿದ್ದು ಸಣ್ಣ ಮಾತಲ್ಲ. ಬ್ರಿಟನ್ನಿನಲ್ಲಿ ಅಮೆರಿಕವನ್ನು ಹೀಗಳೆಯುವುದು ಫ್ಯಾಷನ್ ಆಗಿದ್ದ ಕಾಲವಿತ್ತು, ಹಾಡಿ ಹೊಗಳುವ ಕಾಲವೂ ಇತ್ತು. ಎರಡೂ ಕಾಲಗಳಲ್ಲಿ ಅವರು ಶುಕ್ರವಾರದ ಸಂಜೆ, ಮತ್ತೆ ಭಾನುವಾರದ ಬೆಳಿಗ್ಗೆ, ಅಲ್ಲಿಯೂ ನಮ್ಮಂಥ ಮನುಷ್ಯರೇ ಇದ್ದಾರೆ ಎಂದು ನೆನಪಿಸುತ್ತಿದ್ದರು.

ಕೇಳುಗರು ಉಳಿಸಿದ ದನಿ

ಕೊನೆಯ ವರ್ಷಗಳಲ್ಲಿ ಸ್ಟುಡಿಯೋಗೆ ಹೋಗುವುದು ಕಷ್ಟವಾದಾಗ ಧ್ವನಿಮುದ್ರಣ ಮನೆಯಲ್ಲೇ ನಡೆಯುತ್ತಿತ್ತು. 2004ರ ಫೆಬ್ರವರಿ 20ರದು ಕೊನೆಯ ಪ್ರಸಾರ. ಮಾರ್ಚ್ 2ರಂದು, ವೈದ್ಯರ ಸಲಹೆಯಂತೆ ನಿಲ್ಲಿಸುತ್ತಿದ್ದೇನೆ ಎಂದು ಹೇಳಿ ಕೇಳುಗರಿಗೆ ಕೃತಜ್ಞತೆ ತಿಳಿಸಿದರು. ನಾಲ್ಕೇ ವಾರ. ಮಾರ್ಚ್ 30ರಂದು ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಬೂದಿಯನ್ನು ಮನೆಯವರು ಸೆಂಟ್ರಲ್ ಪಾರ್ಕ್‌ನಲ್ಲಿ ಚೆಲ್ಲಿದರು. ಹುಟ್ಟಿದ ನೆಲಕ್ಕೆ ಅವರು ಕಳಿಸಿದ್ದು ಮಾತುಗಳನ್ನು. ದೇಹ ಉಳಿದದ್ದು ಸೇರಿದ ನೆಲದಲ್ಲೇ.

ನಾನು ಈ ಲೇಖನ ಬರೆಯಲು ಕೂತದ್ದು ಮುಂದಿನ ಒಂದು ಸಂಗತಿಗಾಗಿ. 2,869 ಕಂತು ಪ್ರಸಾರವಾದರೂ ಬಿಬಿಸಿಯ ಭಂಡಾರದಲ್ಲಿ ಧ್ವನಿಯಾಗಿ ಉಳಿದದ್ದು ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಆ ಕಾಲದಲ್ಲಿ ರೇಡಿಯೋ ಮಾತು ಗಾಳಿಯಲ್ಲಿ ಹೋದರೆ ಹೋಯಿತು. ಟೇಪು ದುಬಾರಿ, ಜಾಗ ಕಡಿಮೆ, ಎಲ್ಲವನ್ನೂ ಇಡುವ ಪದ್ಧತಿ ಇರಲಿಲ್ಲ. 2012ರಲ್ಲಿ ಬಿಬಿಸಿ ಇದ್ದದ್ದನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಆಗ ಇಬ್ಬರು ಸಾಮಾನ್ಯ ಕೇಳುಗರು ಮುಂದೆ ಬಂದರು. ಅವರು ವರ್ಷಗಟ್ಟಲೆ ಮನೆಯ ರೇಡಿಯೋದಿಂದ ಕ್ಯಾಸೆಟ್ಟಿಗೆ ಈ ಕಾರ್ಯಕ್ರಮವನ್ನು ತುಂಬಿಸಿ ಇಟ್ಟುಕೊಂಡಿದ್ದರು. ಕಳೆದೇಹೋಯಿತೆಂದು ಕೈಬಿಟ್ಟಿದ್ದ 600ಕ್ಕೂ ಹೆಚ್ಚು ಕಂತುಗಳು ಹಾಗೆ ಮರಳಿ ಸಿಕ್ಕವು. ಅಷ್ಟು ದೊಡ್ಡ ಸಂಸ್ಥೆ ಉಳಿಸಿಕೊಳ್ಳದ್ದನ್ನು ಇಬ್ಬರ ಮನೆಯ ಪೆಟ್ಟಿಗೆಗಳು ಉಳಿಸಿದವು.

ಇದನ್ನು ಓದಿದ ಮೇಲೆ ನಾನು ನಮ್ಮ ಕನ್ನಡ ಸಂಘದ ಹಳೆಯ ಕಬ್ಬಿಣದ ಕಪಾಟು ತೆಗೆಸಿದೆ. ಅಲ್ಲಿ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳಿವೆ. ರಾಜ್ಯೋತ್ಸವದ ಭಾಷಣಗಳು, ಹವ್ಯಾಸಿ ನಾಟಕಗಳು, ತಾಳಮದ್ದಳೆ. ಗಿರಣಿಯಲ್ಲಿ, ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು ತಮ್ಮ ಕತೆಯನ್ನು ತಾವೇ ಹೇಳಿಕೊಂಡದ್ದೂ ಇದೆ. ಹಲವರು ಈಗ ಇಲ್ಲ. ಕೆಲವು ಟೇಪುಗಳಿಗೆ ಬೂಸ್ಟು ಹಿಡಿದಿದೆ, ಕೆಲವದರ ಮೇಲೆ ಹೆಸರಿಲ್ಲ. ಸಂಘದ ಒಬ್ಬ ಹುಡುಗ ಹಳೆಯ ಪ್ಲೇಯರ್ ತಂದು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ. ನಾನು ಪಕ್ಕದಲ್ಲಿ ಕೂತು ಇದು ಯಾರ ದನಿ, ಯಾವ ವರ್ಷ ಎಂದು ಬರೆದಿಡುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಮುಗಿದಿವೆ. ಮೂರರಲ್ಲಿ ಮಾತಾಡಿದವರು ಯಾರೆಂದು ನಮಗೆ ಗುರುತು ಹಿಡಿಯಲಾಗಿಲ್ಲ.

ಪುಣೆಯಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ, ದೆಹಲಿಯಲ್ಲಿ ಇರುವ ಓದುಗರೇ, ನಿಮ್ಮ ಸಂಘದಲ್ಲೂ ಇಂಥದೊಂದು ಕಪಾಟು ಇದ್ದೇ ಇರುತ್ತದೆ. ಮನೆಯ ಅಟ್ಟದಲ್ಲಿ ಅಪ್ಪನ ಟೇಪ್‌ರೆಕಾರ್ಡರ್ ಜೊತೆಗೆ ಒಂದು ಡಬ್ಬಿಯೂ ಇರಬಹುದು. ಗುರುತು ಹೇಳಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಅದನ್ನು ಕೆಳಗಿಳಿಸಿ.